ಹಳೆಯದರ ಉತ್ತರ, ಹೊಸದರ ಅಂಕಪಟ್ಟಿ

‘ಎಲ್ಲ ಪರೀಕ್ಷೆಗಳೂ ಪಾಸಾದವು’ ಎಂಬ ಮಾತಿಗೆ ಚೆನ್ನೈಯ ಸಾಫ್ಟ್‌ವೇರ್ ವಲಯದಲ್ಲಿ ಸಲ್ಲುತ್ತಿರುವ ಮರ್ಯಾದೆ ಅತಿಯಾಯಿತು. ಪರೀಕ್ಷೆಗೆ ಕುಳಿತದ್ದು ಒಂದು ಕಂಪೈಲರ್ ಆಗಿದ್ದು, ಅದು ಇನ್ನೂ ಇನ್‌ಸ್ಟಾಲ್ ಆಗದೆ ಕಟ್ಟಿದ ಜಾಗದಲ್ಲಿಯೇ ಹಸಿಗೋಡೆಯಂತೆ ನಿಂತಿದ್ದರೆ, ಆ ಮಾತನ್ನು ಒಂದು ಪ್ರಶ್ನೆ ಕೇಳದೆ ಒಪ್ಪಿಕೊಳ್ಳಕೂಡದು. ಪ್ರಶ್ನೆ ಇಷ್ಟೇ: ಉತ್ತರ ಹೇಳಿದವರು ಯಾರು? ಪರೀಕ್ಷೆಗೆ ಕುಳಿತ ಹೊಸ ಕಂಪೈಲರೋ, ಅದರ ಬೆನ್ನ ಹಿಂದೆ ನಿಂತು ಪಿಸುಗುಟ್ಟುತ್ತಿದ್ದ ಹಳೆಯ ಕಂಪೈಲರೋ?

ಕವಿತೆ, ವಿಮರ್ಶೆ, ಹಳೆಯ ಮದರಾಸಿನ ನೆನಪುಗಳನ್ನು ಓದುವ ಈ ಪುಟದಲ್ಲಿ ಇದೆಂತಹ ವಿಷಯ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಸಂಜೆಯ ಗೋಷ್ಠಿಗೆ ಬರುವ ನಮ್ಮವರಲ್ಲಿ ಹಲವರು ಹಗಲೆಲ್ಲ ತರಮಣಿಯಲ್ಲೋ ಶೋಲಿಂಗನಲ್ಲೂರಿನಲ್ಲೋ ಇಂಥದೇ ಕೆಲಸದಲ್ಲಿರುತ್ತಾರೆ. ಅವರ ಮಕ್ಕಳು ಇಂಥದೇ ಓದಿನಲ್ಲಿರುತ್ತಾರೆ. ಈ ವಿಷಯದ ಒಂದು ತುದಿ ನೇರವಾಗಿ ಕನ್ನಡಕ್ಕೇ ಬಂದು ತಾಗುತ್ತದೆ. ಆ ಮಾತು ಮುಂದೆ ಬರಲಿದೆ. ಅದೂ ಅಲ್ಲದೆ, ನಾವು ದಿನವೂ ಹೊಣೆಗಾರಿಕೆಯ ಬಗ್ಗೆ ಬರೆಯುವವರು. ಹೊಣೆ ಯಾರದೆಂದು ತಿಳಿಯದಂತೆ ಮಾಡುವ ಒಂದು ವ್ಯವಸ್ಥೆ ನಮ್ಮ ಮೂಗಿನ ಕೆಳಗೆ ಬೆಳೆದಿರುವಾಗ ಸುಮ್ಮನಿರುವುದು ಸರಿಯಲ್ಲ.

ಕಂಪೈಲರ್ ಎಂದರೆ ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಸೂಚನೆಗಳಾಗಿ ಪರಿವರ್ತಿಸುವ ತಂತ್ರಾಂಶ ಎಂಬುದು ಎಲ್ಲರಿಗೂ ಗೊತ್ತು. ಅದು ಒಬ್ಬನ ಕೆಲಸವಲ್ಲ, ಒಂದು ಮೇಳ ಎಂಬುದು ಅಷ್ಟಾಗಿ ಗೊತ್ತಿಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಸಿಸಿಯನ್ನೇ ನೋಡಿ. ‘ಜಿಸಿಸಿ’ ಎಂದು ಟೈಪಿಸಿದಾಗ ಓಗೊಡುವುದು ಬರಿಯ ಮೇಳದ ಯಜಮಾನ. ಅವನು ಸಿ ಭಾಷೆಯನ್ನು ನಿಜವಾಗಿ ಅನುವಾದಿಸುವ ‘ಸಿಸಿ1’ ಎಂಬ ಇನ್ನೊಂದು ಪ್ರೋಗ್ರಾಮನ್ನು ಕರೆಯುತ್ತಾನೆ. ಆಮೇಲೆ ಅಸೆಂಬ್ಲರನ್ನು, ಕೊನೆಗೆ ಎಲ್ಲವನ್ನೂ ಹೊಲಿದು ಒಂದಾಗಿಸುವ ಲಿಂಕರನ್ನು ಕರೆಯುತ್ತಾನೆ. ಇವರ ಜೊತೆಗೆ ಹೆಡರ್ ಕಡತಗಳು, ಲೈಬ್ರರಿಗಳು. ಇವರೆಲ್ಲ ಎಲ್ಲಿದ್ದಾರೆಂದು ಯಜಮಾನ ಹುಡುಕಬೇಕು. ಇನ್‌ಸ್ಟಾಲ್ ಆದ ಮೇಲೆ ಆ ವಿಳಾಸಗಳು ಗೊತ್ತುಪಡಿಸಿದವು. ಇನ್‌ಸ್ಟಾಲ್ ಆಗುವ ಮುನ್ನ, ಕಟ್ಟಿದ ಜಾಗದಲ್ಲಿ, ಅವನು ಇನ್ನೂ ವಿಳಾಸವಿಲ್ಲದವನು. ಜಿಸಿಸಿಯನ್ನು ಬರೆದವರಿಗೆ ಇದರ ಅರಿವು ಚೆನ್ನಾಗಿಯೇ ಇತ್ತು. ಆದ್ದರಿಂದ ಕಟ್ಟಿದ ಜಾಗದಲ್ಲಿರುವ ಯಜಮಾನನಿಗೆ ಅವರು ‘ಜಿಸಿಸಿ’ ಎಂಬ ಹೆಸರನ್ನೇ ಕೊಡಲಿಲ್ಲ. ಇನ್‌ಸ್ಟಾಲ್ ಆಗುವವರೆಗೂ ಅವನ ಹೆಸರು ‘ಎಕ್ಸ್‌ಜಿಸಿಸಿ’. ಅವನನ್ನು ಕರೆಯುವಾಗ ‘ಬಿ’ ಎಂಬ ಆಯ್ಕೆಯೊಡನೆ ‘ನಿನ್ನವರನ್ನು ಮೊದಲು ಇಲ್ಲಿಯೇ ಹುಡುಕು’ ಎಂದು ಜಾಗ ತೋರಿಸಬೇಕು. ತೋರಿಸದಿದ್ದರೆ ಅವನು ತನಗೆ ಮುಂದೆ ಸಲ್ಲಬೇಕಾದ ವಿಳಾಸಕ್ಕೆ ಹೋಗುತ್ತಾನೆ. ಅದೇ ವಿಳಾಸದಲ್ಲಿ ಕಳೆದ ತಿಂಗಳು ಇನ್‌ಸ್ಟಾಲ್ ಮಾಡಿದ ಅದೇ ಆವೃತ್ತಿಯ ಹಳೆಯ ಪ್ರತಿ ಇದ್ದರೆ, ಅಲ್ಲಿನ ಸಿಸಿ1ನ್ನು ಎಬ್ಬಿಸಿ ಕೆಲಸ ಮಾಡಿಸಿಕೊಂಡು ಬರುತ್ತಾನೆ. ಪರೀಕ್ಷೆ ಪಾಸಾಗುತ್ತದೆ. ಆಗದೆ ಇರಲು ಕಾರಣವೇನು? ಹಳೆಯದು ಈ ಪರೀಕ್ಷೆಗಳನ್ನು ಕಳೆದ ತಿಂಗಳೇ ಪಾಸು ಮಾಡಿತ್ತು.

ಇಷ್ಟು ಕೈತಪ್ಪಿನ ಮಾತಾಯಿತು. ನನ್ನ ತಕರಾರು ಇದಕ್ಕಿಂತ ಹೆಚ್ಚು ಗುಟ್ಟಾಗಿ ನಡೆಯುವ ಒಂದು ಸಂಗತಿಯ ಮೇಲೆ. ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಹೆಸರು; ಕನ್ನಡದಲ್ಲಿ ಪರಿಸರಚರ ಎನ್ನೋಣ. ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದನ್ನು ಹುಟ್ಟಿಸಿದಾಗ ತನ್ನಲ್ಲಿರುವ ಈ ಚರಗಳನ್ನೆಲ್ಲ ಅದಕ್ಕೆ ಪಿತ್ರಾರ್ಜಿತವಾಗಿ ಕೊಡುತ್ತದೆ. ಕೊಡುವಾಗ ಹೇಳುವುದಿಲ್ಲ, ಪಡೆದದ್ದು ಕೇಳುವುದಿಲ್ಲ. ನೀವು ಟೈಪಿಸಿದ ಆಜ್ಞೆಯಲ್ಲಿ ಅದರ ಸುಳಿವಿಲ್ಲ, ಪರೀಕ್ಷೆಯ ವರದಿಯಲ್ಲಿಯೂ ಸಾಮಾನ್ಯವಾಗಿ ಅದರ ಹೆಸರಿರುವುದಿಲ್ಲ. ಆದರೂ ‘ಜಿಸಿಸಿ ಎಕ್ಸೆಕ್ ಪ್ರಿಫಿಕ್ಸ್’ ಮತ್ತು ‘ಕಂಪೈಲರ್ ಪಾತ್’ ಎಂಬ ಚರಗಳು ಯಜಮಾನನಿಗೆ ತನ್ನ ಮೇಳವನ್ನು ಎಲ್ಲಿ ಹುಡುಕಬೇಕೆಂದು ಹೇಳಿಕೊಡುತ್ತವೆ. ‘ಸಿ ಪಾತ್’ ಎಂಬುದು ಹೆಡರ್ ಕಡತಗಳ ಸಾಲಿನಲ್ಲಿ ಬೇರೆಯವರನ್ನು ತಂದು ಕೂರಿಸುತ್ತದೆ. ‘ಲೈಬ್ರರಿ ಪಾತ್’ ಲಿಂಕರಿನ ದಾರಿಯನ್ನು ಬದಲಿಸುತ್ತದೆ. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ‘ಎಲ್‌ಡಿ ಲೈಬ್ರರಿ ಪಾತ್’. ಅದು ಕಂಪೈಲ್ ಆಗಿ ಮುಗಿದ ಪ್ರೋಗ್ರಾಮ್ ಓಡುವ ಹೊತ್ತಿನಲ್ಲಿ ಯಾವ ಲೈಬ್ರರಿಯನ್ನು ಎತ್ತಿಕೊಳ್ಳಬೇಕೆಂದು ನಿರ್ಧರಿಸುತ್ತದೆ. ಕಂಪೈಲರ್ ಸಹ ಓಡುವ ಒಂದು ಪ್ರೋಗ್ರಾಮೇ ಆದ್ದರಿಂದ, ಅದರ ಹೊಟ್ಟೆಯೊಳಗಿನ ಗಣಿತದ ಲೈಬ್ರರಿಗಳನ್ನೂ ಇದು ಬದಲಿಸಬಲ್ಲದು.

ನಡೆಯುವುದು ಹೀಗೆ. ಹೊಸ ಕಂಪೈಲರಿನಿಂದ ಸಿ++ ಭಾಷೆಯ ಒಂದು ಪರೀಕ್ಷಾ ಪ್ರೋಗ್ರಾಮನ್ನು ತಯಾರಿಸಿದಿರಿ. ಓಡಿಸಿದಿರಿ. ಪರಿಸರದಲ್ಲಿ ಹಳೆಯ ಲೈಬ್ರರಿಯ ವಿಳಾಸ ಮೊದಲಿತ್ತು. ಪುಣ್ಯವಿದ್ದರೆ ಪ್ರೋಗ್ರಾಮ್ ‘ನನಗೆ ಬೇಕಾದ ಆವೃತ್ತಿ ಇದರಲ್ಲಿಲ್ಲ’ ಎಂದು ಕೂಗಿ ಸಾಯುತ್ತದೆ. ಪುಣ್ಯ ಎಂದೆ, ಏಕೆಂದರೆ ಆಗ ಯಾರಾದರೂ ಹೋಗಿ ನೋಡುತ್ತಾರೆ. ಹೊಸದಾಗಿ ಸೇರಿದ ಅಂಶವನ್ನು ಆ ಪರೀಕ್ಷೆ ಮುಟ್ಟದಿದ್ದರೆ ಪ್ರೋಗ್ರಾಮ್ ಹಳೆಯ ಲೈಬ್ರರಿಯನ್ನು ಹಿಡಿದು ನಿರಾಳವಾಗಿ ಓಡುತ್ತದೆ, ಸರಿಯಾದ ಉತ್ತರ ಕೊಡುತ್ತದೆ, ವರದಿಯಲ್ಲಿ ‘ಪಾಸ್’ ಎಂದು ಬೀಳುತ್ತದೆ. ಹೊಸ ಲೈಬ್ರರಿಯನ್ನು ಯಾರೂ ತೆರೆದು ನೋಡಿಯೇ ಇಲ್ಲ.

ಗ್ರಂಥಸಂಪಾದನೆಯ ಗಂಧವಿರುವವರಿಗೆ ಇದು ತೀರ ಪರಿಚಿತವಾದ ರೋಗ. ಓಲೆಗರಿಯಿಂದ ಪಾಠವನ್ನು ಪ್ರತಿಮಾಡುವವನಿಗೆ ಆ ಕಾವ್ಯ ಬಾಯಿಪಾಠವಾಗಿದ್ದರೆ ಅವನು ಗರಿಯನ್ನು ಓದುವುದಿಲ್ಲ. ತನ್ನ ನೆನಪನ್ನು ಓದುತ್ತಾನೆ. ಗರಿಯಲ್ಲಿ ಬೇರೆಯೇ ಪಾಠವಿದ್ದರೂ ಕಣ್ಣು ಅದರ ಮೇಲೆ ಜಾರಿ, ಕೈ ಹಳೆಯದನ್ನೇ ಬರೆಯುತ್ತದೆ. ಕನ್ನಡದ ಓಲೆಗರಿಗಳನ್ನೂ ಕಾಪಾಡಿಕೊಂಡು ಬಂದಿರುವ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ನಮ್ಮ ಚೆನ್ನೈಯಲ್ಲಿಯೇ ಇದೆ. ಅಲ್ಲಿ ಕುಳಿತು ಕೆಲಸ ಮಾಡಿದ ಯಾರನ್ನು ಕೇಳಿದರೂ ಈ ಮಾತನ್ನು ಒಪ್ಪುತ್ತಾರೆ. ಸಂಪಾದಕರು ಇದಕ್ಕೆ ಕಂಡುಕೊಂಡ ಮದ್ದು ಸರಳ. ಯಾವ ಪಾಠ ಯಾವ ಪ್ರತಿಯಿಂದ ಬಂತೆಂದು ಅಡಿಟಿಪ್ಪಣಿಯಲ್ಲಿ ಬರೆಯುವುದು. ಸಾವಿರ ವರ್ಷದ ಹಿಂದಿನ ಕಾವ್ಯಕ್ಕೆ ನಾವು ಕೇಳುವಷ್ಟು ಆಧಾರವನ್ನು ನಿನ್ನೆ ಸಂಜೆ ಕಟ್ಟಿದ ಕಂಪೈಲರಿಗೆ ಕೇಳುವುದಿಲ್ಲ.

ಈ ರೋಗದ ತವರು ‘ಬ್ಯಾಶ್‌ಆರ್‌ಸಿ’ ಎಂಬ ಕಡತ. ಟರ್ಮಿನಲ್ ತೆರೆದಾಗಲೆಲ್ಲ ತಾನಾಗಿ ಓದಿಕೊಳ್ಳಲ್ಪಡುವ ಈ ಕಡತದಲ್ಲಿ ‘ಎಕ್ಸ್‌ಪೋರ್ಟ್’ ಎಂದು ಆರಂಭವಾಗುವ ಸಾಲುಗಳನ್ನು ಬರೆದಿಟ್ಟರೆ ಅವು ಶಾಶ್ವತ. ನಾನು ಕಂಡ ಒಂದು ಪ್ರಯೋಗಾಲಯದಲ್ಲಿ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಇಂಥ ಸಾಲುಗಳನ್ನು ಕೈಬರಹದ ಹಾಳೆಯಾಗಿ ಕೊಡುತ್ತಿದ್ದರು. ಯಾವ ಸಾಲು ಏಕೆ ಬೇಕೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ. ಅವರಿಗೆ ಅವರ ಹಿರಿಯರು ಕೊಟ್ಟದ್ದು. ತಾಯತದ ಒಳಗೇನಿದೆಯೆಂದು ಬಿಚ್ಚಿ ನೋಡಿದರೆ ಶಕ್ತಿ ಹೋಗುತ್ತದೆ ಎನ್ನುವ ಹಾಗೆ, ಆ ಸಾಲುಗಳನ್ನು ಮುಟ್ಟಿದರೆ ಏನೋ ಕೆಡುತ್ತದೆ ಎಂಬ ಭಯ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸರಿಯಾಗಿ ದಾಟಿತ್ತು. ಚಿಪ್ ವಿನ್ಯಾಸದ ದುಬಾರಿ ತಂತ್ರಾಂಶಗಳು ಈ ಗೊಂದಲಕ್ಕೆ ತಮ್ಮ ಕಾಣಿಕೆಯನ್ನು ಧಾರಾಳವಾಗಿ ಸಲ್ಲಿಸುತ್ತವೆ. ಅವು ತಮ್ಮದೇ ಹಳೆಯ ಸಿ++ ಲೈಬ್ರರಿಯನ್ನು ಜೊತೆಯಲ್ಲಿಯೇ ಹೊತ್ತು ತರುವುದು, ಸಿದ್ಧತಾ ಸ್ಕ್ರಿಪ್ಟಿನ ಮೂಲಕ ಅದನ್ನು ಎಲ್‌ಡಿ ಲೈಬ್ರರಿ ಪಾತ್‌ನ ಮೊದಲ ಸ್ಥಾನಕ್ಕೆ ಏರಿಸುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಕಿರಿಕಿರಿ. ತಮ್ಮ ಒಂದು ತಂತ್ರಾಂಶ ಓಡಲೆಂದು ಇಡೀ ಮನೆಯ ನೀರಿನ ಕೊಳವೆಯನ್ನು ತಿರುಗಿಸಿಟ್ಟು ಹೋಗುವ ಬಾಡಿಗೆದಾರರು ಇವರು.

ಆ ಹಾಳೆಗಳಲ್ಲಿ ಎಲ್ಲೆಡೆ ಕಾಣುವ ಒಂದು ಸಾಲಿನ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ‘ಇದ್ದ ಲೈಬ್ರರಿ ಪಾತ್, ಅದರ ಮುಂದೆ ಒಂದು ಕೋಲನ್ ಚಿಹ್ನೆ, ಅದರ ಮುಂದೆ ಹೊಸ ವಿಳಾಸ’ ಎಂಬುದು ಅದರ ಅರ್ಥ. ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಸೇರಿಸುವ ಸಭ್ಯ ವಿಧಾನದಂತೆ ಕಾಣುತ್ತದೆ. ಆದರೆ ಮೊದಲು ಆ ಚರದಲ್ಲಿ ಏನೂ ಇಲ್ಲದಿದ್ದರೆ? ಆಗ ಉಳಿಯುವುದು ಕೋಲನ್‌ನಿಂದಲೇ ಆರಂಭವಾಗುವ ಒಂದು ಸಾಲು. ಕೋಲನ್‌ನ ಎಡಗಡೆಯ ಆ ಶೂನ್ಯಕ್ಕೆ ಅರ್ಥವಿಲ್ಲ ಎಂದುಕೊಂಡಿರಾ? ಇದೆ. ಖಾಲಿ ಜಾಗವೆಂದರೆ ‘ಈಗ ನಾನು ನಿಂತಿರುವ ಡೈರೆಕ್ಟರಿ’ ಎಂದರ್ಥ. ಅಂದರೆ ನೀವು ಯಾವ ಡೈರೆಕ್ಟರಿಯಲ್ಲಿ ನಿಂತು ಪರೀಕ್ಷೆ ಓಡಿಸುತ್ತೀರೋ ಅಲ್ಲಿ ಬಿದ್ದಿರುವ ಅರೆಬೆಂದ ಲೈಬ್ರರಿಗಳೆಲ್ಲ ಎಲ್ಲರಿಗಿಂತ ಮೊದಲು ಪಂಕ್ತಿಗೆ ಕೂರುತ್ತವೆ. ಒಂದೇ ಪರೀಕ್ಷೆ ಒಂದು ಡೈರೆಕ್ಟರಿಯಲ್ಲಿ ಪಾಸು, ಇನ್ನೊಂದರಲ್ಲಿ ನಪಾಸು. ಬರೆಯದೆ ಬಿಟ್ಟ ಒಂದು ಅಕ್ಷರಕ್ಕೆ ಇಷ್ಟು ಪ್ರಭಾವ!

ಈ ವಿಷಯದಲ್ಲಿ ಜಿಸಿಸಿಯ ಒಂದು ನಡತೆಯನ್ನು ಮೆಚ್ಚಬೇಕು. ಜಿಸಿಸಿಯನ್ನು ಕಟ್ಟಲು ಹೊರಟಾಗ, ‘ಲೈಬ್ರರಿ ಪಾತ್’ ಎಂಬ ಚರದಲ್ಲಿ ಇಂಥ ಖಾಲಿ ಜಾಗವೋ ಪ್ರಸ್ತುತ ಡೈರೆಕ್ಟರಿಯ ಚುಕ್ಕೆಯೋ ಕಂಡರೆ ಅದರ ಕಾನ್‌ಫಿಗರ್ ಸ್ಕ್ರಿಪ್ಟು ಅಲ್ಲಿಯೇ ನಿಲ್ಲುತ್ತದೆ. ಈ ಚರದಲ್ಲಿ ಪ್ರಸ್ತುತ ಡೈರೆಕ್ಟರಿ ಇರಕೂಡದು, ಸರಿಪಡಿಸಿಕೊಂಡು ಬಾ ಎಂದು ಹೇಳಿ ಬಾಗಿಲು ಮುಚ್ಚುತ್ತದೆ. ಇದೊಂದು ಸೌಜನ್ಯ. ಹೊಸಬನ ಎರಡು ದಿನವನ್ನು ಉಳಿಸುವ ನಿರಾಕರಣೆ. ಹಾಗಿದ್ದರೆ ಉಳಿದ ಚರಗಳ ವಿಷಯದಲ್ಲಿ ಇದೇ ನಿಷ್ಠುರತೆ ಏಕಿಲ್ಲ? ಉಳಿದ ಸಾವಿರ ಸಣ್ಣ ಕಂಪೈಲರುಗಳ ಪರೀಕ್ಷಾ ಸ್ಕ್ರಿಪ್ಟುಗಳಲ್ಲಿ ಇಂಥ ಒಂದೇ ಒಂದು ತಡೆಯೂ ಏಕಿಲ್ಲ? ಮಾಡಬಲ್ಲ ಕೆಲಸವೆಂದು ಈಗಾಗಲೇ ತೋರಿಸಿಯಾಗಿದೆಯಲ್ಲ.

ಇನ್ನು ನಮ್ಮ ಊರಿನದೇ ಒಂದು ಉದಾಹರಣೆ. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರ್ ಯೋಜನೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿ ಹೆಮ್ಮೆಪಟ್ಟವರು ನಾವೆಲ್ಲ. ಬರ್ಕ್‌ಲಿಯಲ್ಲಿ 2010ರಲ್ಲಿ ಹುಟ್ಟಿದ ರಿಸ್ಕ್-ಫೈವ್ ಎಂಬ ಮುಕ್ತ ಸೂಚನಾಸಮೂಹವನ್ನು ಆಧರಿಸಿ, ವಿನ್ಯಾಸವನ್ನೆಲ್ಲ ಮುಕ್ತ ಪರವಾನಗಿಯಲ್ಲಿ ಹಂಚಿದ ಯೋಜನೆ ಅದು. 2018ರಲ್ಲಿ ಅದರ ಚಿಪ್ಪುಗಳು ಕೈಗೆ ಬಂದು ಅವುಗಳ ಮೇಲೆ ಲಿನಕ್ಸ್ ಓಡಿತು. ಹೆಮ್ಮೆ ಸರಿಯೇ. ಆದರೆ ಆ ವಿನ್ಯಾಸ ಬರೆಯಲ್ಪಟ್ಟದ್ದು ಬ್ಲೂಸ್ಪೆಕ್ ಎಂಬ ಭಾಷೆಯಲ್ಲಿ. ಎಂಐಟಿಯ ಪ್ರೊಫೆಸರ್ ಅರವಿಂದ್ ಅವರ ಸಂಶೋಧನೆಯಿಂದ ಬೆಳೆದ ಭಾಷೆ ಅದು. ಅದರ ಕಂಪೈಲರ್ 2020ರವರೆಗೂ ಮುಕ್ತವಾಗಿರಲಿಲ್ಲ. ವಿನ್ಯಾಸ ಊರಿಗೆಲ್ಲ ಬಿಟ್ಟದ್ದು. ಅದನ್ನು ಓದಬಲ್ಲ ಕಂಪೈಲರ್ ಮಾತ್ರ ಲೈಸೆನ್ಸಿನ ಬೀಗದೊಳಗೆ. ಆ ಕಾಲದಲ್ಲಿ ಕಂಪೈಲರಿಗೆ ತನ್ನ ಲೈಬ್ರರಿ ಎಲ್ಲಿದೆ ಎಂಬುದನ್ನು ‘ಬ್ಲೂಸ್ಪೆಕ್ ಡಿರ್’ ಎಂಬ ಪರಿಸರಚರದ ಮೂಲಕ ಹೇಳಬೇಕಿತ್ತು. ಲೈಸೆನ್ಸಿನ ವಿಳಾಸಕ್ಕೆ ಇನ್ನೊಂದು ಚರ. ಬ್ಯಾಶ್‌ಆರ್‌ಸಿಗೆ ಆ ಸಾಲುಗಳು ಬಂದು ಸೇರಿದ್ದು ಹೀಗೆ.

2020ರಲ್ಲಿ ಕಂಪೈಲರ್ ಮುಕ್ತವಾಯಿತು. ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಅದರ ಮೂಲವನ್ನು ಈಗ ಯಾರು ಬೇಕಾದರೂ ತಂದು, ತಿದ್ದಿ, ಕಟ್ಟಿ ನೋಡಬಹುದು. ಇಲ್ಲಿಯೂ ಒಳ್ಳೆಯ ನಡತೆಯ ಒಂದು ಗುರುತಿದೆ. ಈಗ ‘ಬಿಎಸ್‌ಸಿ’ ಎಂದು ಕರೆದಾಗ ಮೊದಲು ಎದ್ದು ಬರುವುದು ಒಂದು ಪುಟ್ಟ ಸ್ಕ್ರಿಪ್ಟು. ಅದು ತಾನು ಎಲ್ಲಿದ್ದೇನೆಂದು ತಾನೇ ನೋಡಿಕೊಂಡು, ಅಲ್ಲಿಂದ ಲೈಬ್ರರಿಯ ಜಾಗವನ್ನು ಲೆಕ್ಕ ಹಾಕಿ, ಬ್ಲೂಸ್ಪೆಕ್ ಡಿರ್ ಎಂಬ ಚರವನ್ನು ಹೊಸದಾಗಿ ಬರೆದು, ಆಮೇಲೆ ನಿಜವಾದ ಕಂಪೈಲರನ್ನು ಎಬ್ಬಿಸುತ್ತದೆ. ನಿಮ್ಮ ಬ್ಯಾಶ್‌ಆರ್‌ಸಿಯಲ್ಲಿ ಹಳೆಯ ಕಾಲದ ವಿಳಾಸವಿದ್ದರೂ ಅದರ ಆಟ ಇಲ್ಲಿ ನಡೆಯದು. ಕಟ್ಟಿದ ಜಾಗದಲ್ಲಿರಲಿ, ಇನ್‌ಸ್ಟಾಲ್ ಆದ ಜಾಗದಲ್ಲಿರಲಿ, ತನ್ನ ನೆಲವನ್ನು ತಾನೇ ಗುರುತಿಸಿಕೊಳ್ಳುವ ಕಂಪೈಲರ್. ಇಷ್ಟಾದರೂ, ಆ ಸ್ಕ್ರಿಪ್ಟನ್ನು ಪಕ್ಕಕ್ಕೆ ಸರಿಸಿ ಒಳಗಿನ ಪ್ರೋಗ್ರಾಮನ್ನೇ ನೇರವಾಗಿ ಕರೆಯುವ ಅವಸರದವರಿಗೆ ಈ ರಕ್ಷಣೆ ಇಲ್ಲ. ಬೀಗ ತೆಗೆದು ವರ್ಷಗಳಾದ ಮೇಲೂ ಬೀಗದ ಕೈ ಸೊಂಟದಲ್ಲಿ ತೂಗುತ್ತಿರುವಂತೆ ಹಳೆಯ ಎಕ್ಸ್‌ಪೋರ್ಟ್ ಸಾಲುಗಳು ಕಡತದಲ್ಲಿ ಉಳಿದಿರುವವರು ಅಂಥ ಅವಸರದಲ್ಲಿ ಯಾವ ಲೈಬ್ರರಿಯನ್ನು ಓದಿಸಿದರೋ ಅವರೇ ಬಲ್ಲರು. ಅಲ್ಲ, ಅವರೂ ಬಲ್ಲರೇ?

ಸ್ವಂತ ಪ್ರೊಸೆಸರಿಗೆ ಸ್ವಂತ ಸೂಚನೆಗಳನ್ನು ಸೇರಿಸುವ ಕೆಲಸ ಕೈಗೆತ್ತಿಕೊಂಡವರಿಗೆ ಇದು ಹುಡುಗಾಟವಲ್ಲ. ಪ್ರೊಸೆಸರಿಗೆ ಒಂದು ಹೊಸ ಸೂಚನೆ ಸೇರಿದರೆ ಕಂಪೈಲರಿಗೂ ಅಸೆಂಬ್ಲರಿಗೂ ಅದನ್ನು ಕಲಿಸಬೇಕು. ಕಲಿಸಿದ್ದನ್ನು ಇನ್‌ಸ್ಟಾಲ್ ಮಾಡುವ ಮುನ್ನ ಪರೀಕ್ಷಿಸಬೇಕು. ಆ ಪರೀಕ್ಷೆಯಲ್ಲಿ ಹಳೆಯ ಕಂಪೈಲರ್ ಉತ್ತರ ಹೇಳಿದರೆ ಅದು ಹೊಸ ಸೂಚನೆಯನ್ನು ಬಳಸದೆ, ಹಳೆಯ ನಾಲ್ಕು ಸೂಚನೆಗಳಲ್ಲಿ ಅದೇ ಲೆಕ್ಕವನ್ನು ಮಾಡಿ, ಸರಿಯಾದ ಮೊತ್ತವನ್ನು ಮುಂದಿಡುತ್ತದೆ. ಮೊತ್ತ ಸರಿ, ಪರೀಕ್ಷೆ ಪಾಸು. ಹೊಸ ಸೂಚನೆಯಲ್ಲಿ ದೋಷವಿದ್ದರೆ ಅದು ಸಿಲಿಕಾನಿನಲ್ಲಿ ಅಚ್ಚಾಗುವವರೆಗೂ ಯಾರಿಗೂ ತಿಳಿಯದೆ ಇರಬಹುದು. ಕಾಗದದ ಮೇಲಿನ ತಪ್ಪನ್ನು ತಿದ್ದೋಲೆ ಅಂಟಿಸಿ ಸರಿಪಡಿಸಬಹುದು. ಸಿಲಿಕಾನಿಗೆ ತಿದ್ದೋಲೆ ಇಲ್ಲ.

‘ಇಷ್ಟೆಲ್ಲ ರಗಳೆ ಏಕೆ, ಮೊದಲು ಇನ್‌ಸ್ಟಾಲ್ ಮಾಡಿ, ಆಮೇಲೆ ಪರೀಕ್ಷಿಸಿದರೆ ಆಗದೇ?’ ಎಂದು ಕೇಳುವವರಿದ್ದಾರೆ. ಆಗದು. ಹೊಸ ಕಂಪೈಲರನ್ನು ಕಟ್ಟಲು ಹಳೆಯ ಕಂಪೈಲರ್ ಬೇಕು. ಹೊಸದು ಕೆಟ್ಟದ್ದೆಂದು ತಿಳಿಯುವ ಮುನ್ನವೇ ಅದನ್ನು ಹಳೆಯದರ ಮೇಲೆ ಬರೆದುಬಿಟ್ಟರೆ ಕುಳಿತ ಕೊಂಬೆಯನ್ನೇ ಕಡಿದಂತೆ. ಇನ್‌ಸ್ಟಾಲ್ ಮಾಡುವ ಮುನ್ನ ಪರೀಕ್ಷಿಸಿ ಎಂದು ಜಿಸಿಸಿಯ ಕೈಪಿಡಿ ಹೇಳುವುದು ಸುಮ್ಮನೆ ಅಲ್ಲ.

ಇನ್ನು ಕೆಲವರು ಜಿಸಿಸಿಯ ಮೂರು ಹಂತದ ಕಟ್ಟೋಣವನ್ನು ಮುಂದಿಟ್ಟು ಸಮಾಧಾನ ಹೇಳುತ್ತಾರೆ. ಹಳೆಯ ಕಂಪೈಲರಿನಿಂದ ಮೊದಲ ಹಂತದ ಹೊಸದು, ಅದರಿಂದ ಎರಡನೆಯದು, ಅದರಿಂದ ಮೂರನೆಯದು. ಎರಡನೆಯದೂ ಮೂರನೆಯದೂ ಅಕ್ಷರಶಃ ಒಂದೇ ಆಗಿದ್ದರೆ ಎಲ್ಲ ಸರಿ ಎಂಬ ನಂಬಿಕೆ. ಇದು ಬಹಳ ಜಾಣ ವಿಧಾನ, ಅನೇಕ ದೋಷಗಳನ್ನು ಹಿಡಿದೂ ಇದೆ. ಆದರೆ ಎರಡೂ ಹಂತಗಳು ಓಡುವುದು ಒಂದೇ ಪರಿಸರದಲ್ಲಿ. ಸಿ ಪಾತ್‌ನಿಂದ ನುಸುಳಿದ ತಪ್ಪು ಹೆಡರ್ ಎರಡನೆಯದಕ್ಕೂ ಬರುತ್ತದೆ, ಮೂರನೆಯದಕ್ಕೂ ಬರುತ್ತದೆ. ಅವಳಿಗಳು ಒಂದೇ ತರಹ ಇರುವುದರಿಂದ ಇಬ್ಬರೂ ಆರೋಗ್ಯವಂತರೆಂದು ಆಗುವುದಿಲ್ಲ. ಹಳೆಯ ಕಂಪೈಲರ್ ಹೊಸದಕ್ಕೆ ಗುಟ್ಟಾಗಿ ಏನನ್ನಾದರೂ ದಾಟಿಸಬಲ್ಲದು, ಮೂಲಬರಹದಲ್ಲಿ ಅದರ ಕುರುಹೂ ಇರಬೇಕಾಗಿಲ್ಲ ಎಂದು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ತೋರಿಸಿದರು. ಅಲ್ಲಿ ಒಬ್ಬ ಕಳ್ಳ ಬೇಕಿತ್ತು. ನಮ್ಮ ಪ್ರಕರಣದಲ್ಲಿ ಕಳ್ಳನೂ ಬೇಡ, ಮರೆವು ಸಾಕು.

‘ಡಾಕರ್ ಬಳಸಿ, ಎಲ್ಲ ಸ್ವಚ್ಛ’ ಎನ್ನುವುದು ಈಚಿನ ಮಂತ್ರ. ಕಂಟೇನರು ಒಳ್ಳೆಯದೇ, ಒಂದು ಪರಿಸರವನ್ನು ಹಾಗೆಯೇ ಮತ್ತೆ ಕಟ್ಟಲು ಅದರಿಂದ ಸಾಧ್ಯ. ಆದರೆ ಡಾಕರ್ ಕಡತಗಳನ್ನು ತೆರೆದು ನೋಡಿ. ಬ್ಯಾಶ್‌ಆರ್‌ಸಿಯಲ್ಲಿದ್ದ ಅದೇ ಸಾಲುಗಳು ‘ಎಕ್ಸ್‌ಪೋರ್ಟ್’ ಎಂಬ ಮಾತಿನ ಬದಲು ‘ಎನ್ವ್’ ಎಂಬ ಮಾತನ್ನು ತೊಟ್ಟು ಸಾಲಾಗಿ ನಿಂತಿರುತ್ತವೆ. ತಪ್ಪನ್ನು ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಮಾಡುವುದರಿಂದ ಅದು ಸರಿಯಾಗುವುದಿಲ್ಲ. ಮೊದಲು ಒಬ್ಬನ ಯಂತ್ರದಲ್ಲಿ ಸುಳ್ಳು ಪಾಸಾಗುತ್ತಿದ್ದ ಪರೀಕ್ಷೆ ಈಗ ಎಲ್ಲರ ಯಂತ್ರದಲ್ಲೂ ಸುಳ್ಳಾಗಿಯೇ ಪಾಸಾಗುತ್ತದೆ.

ಕನ್ನಡದ ಮಾತಿಗೆ ಬರುತ್ತೇನೆ. ಪರಿಸರಚರಗಳಲ್ಲಿ ಭಾಷೆಯನ್ನು ಹೇಳುವವೂ ಇವೆ: ‘ಲ್ಯಾಂಗ್’, ಅದರ ಮಾತನ್ನು ಮೀರಬಲ್ಲ ‘ಎಲ್‌ಸಿ ಆಲ್’. ನಮ್ಮಲ್ಲೊಬ್ಬರು ಅಭಿಮಾನದಿಂದ ತಮ್ಮ ಲಿನಕ್ಸ್ ಯಂತ್ರಕ್ಕೆ ಕನ್ನಡದ ಸೆಟ್ಟಿಂಗನ್ನೇ ಇಟ್ಟುಕೊಂಡಿದ್ದಾರೆ ಎನ್ನಿ. ಜಿಸಿಸಿಯ ಸಂದೇಶಗಳಿಗೆ ಕನ್ನಡ ಅನುವಾದವಿಲ್ಲ. ಆದ್ದರಿಂದ ಕಂಪೈಲರ್ ಇಂಗ್ಲಿಷಿನಲ್ಲಿಯೇ ಗದರುತ್ತದೆ. ಒಂದು ಕನ್ನಡ ಅಕ್ಷರವೂ ಕಾಣುವುದಿಲ್ಲ. ಆದರೆ ಕನ್ನಡದ ಸೆಟ್ಟಿಂಗು ಯೂನಿಕೋಡ್ ಬಳಸುವುದರಿಂದ, ಸಂದೇಶದ ಉದ್ಧರಣ ಚಿಹ್ನೆಗಳು ನೆಟ್ಟಗಿದ್ದವು ಬಾಗಿದವಾಗುತ್ತವೆ. ಅಷ್ಟೇ ವ್ಯತ್ಯಾಸ. ಕಂಪೈಲರಿನ ಸಂದೇಶವನ್ನು ಮೊದಲೇ ಬರೆದಿಟ್ಟ ಸಾಲಿನೊಡನೆ ಹೋಲಿಸುವ, ಯಾರೋ ಅವಸರದಲ್ಲಿ ಬರೆದ ಪರೀಕ್ಷಾ ಸ್ಕ್ರಿಪ್ಟಿಗೆ ಆ ಬಾಗಿದ ಚಿಹ್ನೆ ಸಾಕು. ನಪಾಸು, ನಪಾಸು, ನಪಾಸು. ಹೆಸರುಗಳ ಪಟ್ಟಿಯನ್ನು ವಿಂಗಡಿಸಿ ಹೋಲಿಸುವ ಪರೀಕ್ಷೆಗಳಲ್ಲಿಯೂ ಇದೇ ಗತಿ. ಮೂಲ ‘ಸಿ’ ಸೆಟ್ಟಿಂಗಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಮೊದಲು, ಸಣ್ಣಕ್ಷರಗಳು ಆಮೇಲೆ. ಭಾಷೆಯ ಸೆಟ್ಟಿಂಗುಗಳಲ್ಲಿ ಆ ಕ್ರಮ ಬೇರೆ.

ಆಗ ಪಕ್ಕದ ಮೇಜಿನ ಹಿರಿಯ ಇಂಜಿನಿಯರು ಕೊಡುವ ಸಲಹೆ ಏನೆಂದು ಹೇಳಬೇಕಾಗಿಲ್ಲ. ‘ಮೊದಲು ಆ ಕನ್ನಡವನ್ನು ತೆಗೆಯಪ್ಪ, ಎಲ್ಲ ಸರಿಹೋಗುತ್ತದೆ.’ ಸರಿಹೋಗುತ್ತದೆ, ನಿಜ. ತಪ್ಪು ಕನ್ನಡದ್ದೆಂದು ತೀರ್ಮಾನವೂ ಆಗುತ್ತದೆ. ಅನೇಕ ತಂತ್ರಾಂಶಗಳ ಜೊತೆ ಬರುವ ಕಾನ್‌ಫಿಗರ್ ಸ್ಕ್ರಿಪ್ಟುಗಳನ್ನು ತಯಾರಿಸುವ ಆಟೋಕಾನ್ಫ್ ಎಂಬ ಸಾಧನವಿದೆ. ಆ ಸ್ಕ್ರಿಪ್ಟುಗಳು ಆರಂಭದಲ್ಲಿಯೇ ಎಲ್‌ಸಿ ಆಲ್ ಅನ್ನು ‘ಸಿ’ ಎಂದು ಮಾಡಿ, ಬಳಕೆದಾರನ ಭಾಷೆಯನ್ನು ಆರಿಸಿಬಿಡುತ್ತವೆ. ಬಹುಕಾಲ ಆ ಸಾಲುಗಳ ಮೇಲಿದ್ದ ಟಿಪ್ಪಣಿ ದೇಶಭಾಷೆಗಳ ಬೆಂಬಲವನ್ನು ‘ಕಾಟಗಳು’ ಎಂದು ಕರೆದಿತ್ತು. ಈಚಿನ ಆವೃತ್ತಿಗಳಲ್ಲಿ ಮಾತು ಮೃದುವಾಗಿದೆ, ಸಾಧನಗಳು ಊಹಿಸಬಹುದಾದ ರೀತಿಯಲ್ಲಿ ನಡೆಯಲೆಂದು ಹೀಗೆ ಮಾಡಿದೆ ಎಂಬರ್ಥದಲ್ಲಿದೆ. ಸಾಲುಗಳು ಮಾತ್ರ ಅವೇ.

ಪರೀಕ್ಷೆಯ ಹೊತ್ತಿಗೆ ಭಾಷೆಯನ್ನು ‘ಸಿ’ಗೆ ಇಳ��ಸುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಜಿಸಿಸಿಯ ಸ್ವಂತ ಪರೀಕ್ಷೆಗಳೂ ಹಾಗೆಯೇ ಮಾಡುತ್ತವೆ, ಬಹಿರಂಗವಾಗಿ, ತಮ್ಮ ಸ್ಕ್ರಿಪ್ಟಿನಲ್ಲಿ ಬರೆದುಕೊಂಡೇ. ಹೊಣೆಯನ್ನು ಪರೀಕ್ಷೆಯೇ ಹೊತ್ತುಕೊಂಡಿದೆ. ಬಳಕೆದಾರ ತನ್ನ ಭಾಷೆಯನ್ನು ತೆಗೆದಿಟ್ಟು ಬರಬೇಕೆಂದು ಅದು ಕೇಳುವುದಿಲ್ಲ. ನನ್ನ ಜಗಳ ಅಲ್ಲಿಗೇ ನಿಲ್ಲಿಸುವವರ ಜೊತೆ. ‘ಸಿ’ಯಲ್ಲಿ ಒಮ್ಮೆ ಓಡಿಸಿ ಕೈತೊಳೆದುಕೊಂಡರೆ ಕನ್ನಡದ ಸೆಟ್ಟಿಂಗಿನಲ್ಲಿ ಆ ಕಂಪೈಲರ್ ಹೇಗೆ ನಡೆದುಕೊಳ್ಳುತ್ತದೆಂದು ನೋಡಿದವರು ಯಾರು? 2020ರಲ್ಲಿ ಬಂದ ಜಿಸಿಸಿ 10ನೆಯ ಆವೃತ್ತಿಯಿಂದ ಪ್ರೋಗ್ರಾಮಿನ ಚರಗಳಿಗೆ ‘ಮೊತ್ತ’ ಎಂದೋ ‘ಬಡ್ಡಿ’ ಎಂದೋ ಕನ್ನಡ ಲಿಪಿಯಲ್ಲಿಯೇ ನೇರವಾಗಿ ಹೆಸರಿಡಬಹುದು. ಅಂಥ ಪ್ರೋಗ್ರಾಮಿನಲ್ಲಿ ತಪ್ಪು ಕಂಡರೆ ಕನ್ನಡದ ಸೆಟ್ಟಿಂಗಿನಲ್ಲಿ ‘ಮೊತ್ತ’ ಎಂದೇ ತೋರಿಸುವ ಕಂಪೈಲರು, ‘ಸಿ’ ಸೆಟ್ಟಿಂಗಿನಲ್ಲಿ ಅದನ್ನು ಬ್ಯಾಕ್‌ಸ್ಲ್ಯಾಶ್ ಮತ್ತು ಸಂಕೇತಾಂಕಗಳ ಒಂದು ಉದ್ದನೆಯ ಸರಪಳಿಯಾಗಿ ಕಾರುತ್ತದೆ. ‘ಸಿ’ಯಲ್ಲಿ ಮಾತ್ರ ಪರೀಕ್ಷಿಸುವವರು ಆ ಸರಪಳಿಯನ್ನು ನೋಡಿರಬಹುದು, ‘ಮೊತ್ತ’ವನ್ನು ಎಂದೂ ನೋಡಿಲ್ಲ. ಎರಡು ಓಟ ಬೇಕು. ಒಂದು ‘ಸಿ’ಯಲ್ಲಿ, ಇನ್ನೊಂದು ಬಳಸುವವರ ಭಾಷೆಯಲ್ಲಿ. ಚೆನ್ನೈಯಲ್ಲಿ ಇದನ್ನು ತಮಿಳಿನಲ್ಲಿ ಓಡಿಸಲಿ, ನಮಗೆ ಸಂತೋಷವೇ. ತಮಿಳಿನಲ್ಲಿ ನಡೆದದ್ದು ಕನ್ನಡದಲ್ಲೂ ನಡೆಯುವ ಸಂಭವವೇ ಹೆಚ್ಚು.

ಹಾಗಿದ್ದರೆ ಹೊಣೆ ಯಾರದು? ವಿದ್ಯಾರ್ಥಿಯದಲ್ಲ, ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ನಿನ್ನೆ ಬಂದ ಹುಡುಗಿ ತನ್ನ ಪರಿಸರದಲ್ಲಿರುವ ಹತ್ತಾರು ಚರಗಳಲ್ಲಿ ಯಾವುದು ವಿಷವೆಂದು ಹೇಗೆ ತಿಳಿದಾಳು? ‘ನಿನ್ನ ಸೆಟ್ಟಿಂಗ್ ಸರಿಯಿಲ್ಲ’ ಎಂದು ಅವಳ ಮೇಲೆ ಹೊರಿಸುವುದು ಹೇಡಿತನ. ಪರೀಕ್ಷೆಯನ್ನು ಬರೆದವರು ಹೊರಬೇಕು. ಪರೀಕ್ಷೆ ಬರಿಯ ಪರಿಸರದಿಂದ ಆರಂಭವಾಗಲಿ. ‘ಎನ್ವ್’ ಎಂಬ ಆಜ್ಞೆಗೆ ‘ಐ’ ಆಯ್ಕೆ ಕೊಟ್ಟರೆ ಪಿತ್ರಾರ್ಜಿತವೆಲ್ಲ ಅಳಿಸಿಹೋಗುತ್ತದೆ, ಅದು ಎಲ್ಲ ಲಿನಕ್ಸಿನಲ್ಲಿಯೂ ಇದೆ. ಬೇಕಾದ ನಾಲ್ಕೈದು ಚರಗಳನ್ನು ಕೈಯಾರೆ, ಹೆಸರು ಹಿಡಿದು ಕೊಡಲಿ. ಕೊಟ್ಟದ್ದೇನೆಂದು ವರದಿಯ ಮೊದಲ ಸಾಲುಗಳಲ್ಲಿ ಬರೆಯಲಿ. ಯಾವ ಸಿಸಿ1 ಓಡಿತು, ಯಾವ ಲೈಬ್ರರಿ ತೆರೆಯಿತು ಎಂಬುದನ್ನೂ ಬರೆಯಲಿ. ‘ಎಲ್‌ಡಿ ಡೀಬಗ್’ ಎಂಬ ಚರಕ್ಕೆ ‘ಲಿಬ್ಸ್’ ಎಂದು ಬೆಲೆ ಕೊಟ್ಟರೆ ಲೈಬ್ರರಿಗಳ ವಿಷಯವನ್ನು ಯಂತ್ರವೇ ಹೇಳುತ್ತದೆ. ಪರಿಸರಚರಗಳನ್ನು ಅಳಿಸಿದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ, ‘ಯೂಸರ್ ಲೋಕಲ್’ ಡೈರೆಕ್ಟರಿಯಲ್ಲಿ ಬಿದ್ದಿರುವ ಹಳೆಯ ಹೆಡರುಗಳು ಚರಗಳ ಹಂಗಿಲ್ಲದೆಯೇ ಒಳಗೆ ಬರಬಲ್ಲವು. ಆದ್ದರಿಂದಲೇ ಬರೆದಿಡುವುದು ಮುಖ್ಯ.

‘ನಮ್ಮಲ್ಲಿ ಇಂಥದ್ದೇನೂ ನಡೆಯುವುದಿಲ್ಲ’ ಎನ್ನುವ ಗೆಳೆಯರಿಗೆ ಅರ್ಧ ಗಂಟೆಯ ಒಂದು ಕೆಲಸ ಹೇಳುತ್ತೇನೆ. ರಿಸ್ಕ್-ಫೈವ್‌ಗೆಂದು ಹೊಸ ಕಂಪೈಲರ್ ಕಟ್ಟಿ ಮುಗಿಸಿದ್ದೀರಿ, ಹಳೆಯದು ಅದೇ ಯಂತ್ರದಲ್ಲಿ ಇನ್‌ಸ್ಟಾಲ್ ಆಗಿದೆ ಎನ್ನೋಣ. ಹಳೆಯದರ ಜಾಗದಲ್ಲಿರುವ ಯಜಮಾನ, ಸಿಸಿ1, ಅಸೆಂಬ್ಲರ್, ಲಿಂಕರ್ ಇವನ್ನೆಲ್ಲ ಪಕ್ಕಕ್ಕೆ ಸರಿಸಿಡಿ. ಅವುಗಳದೇ ಹೆಸರಿನಲ್ಲಿ, ಕರೆದೊಡನೆ ಒಂದು ಕಡತದಲ್ಲಿ ‘ನನ್ನನ್ನು ಕರೆದರು’ ಎಂದು ಬರೆದು ಸೋಲುವ ಎರಡು ಸಾಲಿನ ಸ್ಕ್ರಿಪ್ಟನ್ನು ಇಡಿ. ನಿಮ್ಮ ಬ್ಯಾಶ್‌ಆರ್‌ಸಿಯನ್ನು ಮುಟ್ಟಬೇಡಿ, ಪರಿಸರವನ್ನು ತೊಳೆಯಬೇಡಿ; ದಿನವೂ ಓಡಿಸುವ ಹಾಗೆಯೇ ಪರೀಕ್ಷೆಯನ್ನು ಓಡಿಸಿ. ಮುಗಿದ ಮೇಲೆ ಆ ಕಡತವನ್ನು ತೆರೆದು, ಎಷ್ಟು ಸಾಲುಗಳಿವೆ ಎಂದು ಎಣಿಸಿ. ಒಂದೂ ಇಲ್ಲದಿದ್ದರೆ ಮುಂದಿನ ಗೋಷ್ಠಿಯಲ್ಲಿ ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಳ್ಳಿ. ಕಾಫಿಯ ಖರ್ಚು ನನ್ನದು.